ನೀಲಿ ಅಲಗು

ಪೂರ್ತಿ ಹೋಗಿರಲಿಕ್ಕಿಲ್ಲ. ಎಲ್ಲೋ ಒಂದೆರಡು ಅಕ್ಷರ ಉಳಿದಿರಬೇಕು, ಒಂದು ಅಕ್ಷರದ ಬಾಲವಾದರೂ. ಮನೆಯೊಳಗಿನ ಮಬ್ಬಿನಲ್ಲಿ ಕಂಡಿರಲಿಕ್ಕಿಲ್ಲ. ಬಿಸಿಲಿಗೆ ಹಿಡಿದು ಓರೆ ಮಾಡಿದರೆ ಕಾಣಬಹುದು. ಆದರೆ ಬಿಸಿಲಿಗೆ ಹಿಡಿದ ಮೇಲೂ ಕಾಣದಿದ್ದರೆ? ಆಗ ಗದ್ವಾಲಕ್ಕೆ ಹೋಗುವುದೇ ಬೇಡವೆ? ಹೋಗದಿದ್ದರೆ ಅಣ್ಣ ಕಳ್ಳನಾಗುತ್ತಾನೆ. ಹೋಗಿ ಇದನ್ನು ತೋರಿಸಿದರೂ ಕಳ್ಳನಾಗುತ್ತಾನೆ.

ಶರಣಯ್ಯ ತೊಡೆಯ ಮೇಲಿದ್ದ ಬಟ್ಟೆಯ ಗಂಟನ್ನು ಬಿಚ್ಚಲಿಲ್ಲ. ಬಿಚ್ಚದೆ ಇರುವಷ್ಟು ಹೊತ್ತು ಒಂದೆರಡು ಅಕ್ಷರ ಅದರೊಳಗೆ ಉಳಿದಿರುತ್ತಿದ್ದವು.

ಬಂಡಿ ಮಕ್ತಲ ದಾಟಿ ಕೃಷ್ಣೆಯ ಕಡೆಗೆ ಇಳಿಯುತ್ತಿತ್ತು. ಎರಡೂ ಬದಿಗೆ ಜೋಳ ಮೊಣಕಾಲೆತ್ತರ ಬೆಳೆದಿತ್ತು. ಎದುರಿಗೆ ಅವನ ತಾಯಿ ಅಮರಮ್ಮ ರೊಟ್ಟಿಯ ಬುತ್ತಿಯನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದಳು. ಅಣ್ಣ ಕರಿಬಸಯ್ಯ ಗದ್ವಾಲದ ಪೊಲೀಸ್ ಚೌಕಿಯಲ್ಲಿ ಬಿದ್ದು ವಾರವಾಗಿತ್ತು. ಲಿಂಗಪೂಜೆಗೆ ನೀರು ಕೊಡುತ್ತಾರೋ ಇಲ್ಲವೋ, ಇನ್ನೊಬ್ಬರು ಮಾಡಿದ್ದನ್ನು ಅವನು ಉಣ್ಣುವವನಲ್ಲ, ಏನು ತಿನ್ನುತ್ತಿದ್ದಾನೋ ಎಂದು ಅವಳು ದಾರಿಯುದ್ದಕ್ಕೂ ಹೇಳುತ್ತಿದ್ದಳು. ಶರಣಯ್ಯ ಹೂಂಗುಡುತ್ತಿದ್ದ. ಅವಳ ಕೈಬೆರಳುಗಳು ಅಲ್ಲಲ್ಲಿ ಸುಲಿದು ಕೆಂಪಗಾಗಿದ್ದವು. ಅತ್ತ ಅವನು ನೋಡುತ್ತಿರಲಿಲ್ಲ.

ಆ ಕತ್ತಿ ಅವರ ಮನೆಗೆ ಬಂದದ್ದು ಮುತ್ತಜ್ಜನ ಕಾಲದಲ್ಲಿ. ಕೃಷ್ಣೆಗೆ ರೈಲಿನ ಸೇತುವೆ ಕಟ್ಟುತ್ತಿದ್ದಾಗ ಕ್ರೇಲ್ ಎಂಬ ವಯಸ್ಸಾದ ಇಂಜಿನಿಯರ್ ಸಾಹೇಬನಿಗೆ ಕಾಲರಾ ಬಡಿಯಿತು. ಆಳುಗಳೆಲ್ಲ ಓಡಿಹೋದರು. ಮುತ್ತಜ್ಜ ಅವನನ್ನು ಬಂಡಿಯಲ್ಲಿ ಹಾಕಿಕೊಂಡು ಬಂದು, ದನದ ಕೊಟ್ಟಿಗೆಯಲ್ಲಿ ಮಲಗಿಸಿ, ಗಂಜಿ ಕುಡಿಸಿ ಉಳಿಸಿಕೊಂಡ. ಸಾಹೇಬ ಹೋಗುವಾಗ ತನ್ನ ಬಳಿ ಇದ್ದ ಅಪ್ಪನ ಕತ್ತಿಯನ್ನು ಕೊಟ್ಟುಹೋದ. ಆ ಅಪ್ಪ ನೌಕಾಪಡೆಯ ಅಧಿಕಾರಿಯಾಗಿದ್ದನಂತೆ. ಯಾವುದೋ ಹಡಗನ್ನು ಶತ್ರುಗಳ ಕೈಯಿಂದ ಉಳಿಸಿದ್ದಕ್ಕೆ ಬಂದರಿನ ವರ್ತಕರು ಸೇರಿ ಆ ಕತ್ತಿಯನ್ನು ಕಾಣಿಕೆ ಕೊಟ್ಟಿದ್ದರಂತೆ. ಕಾದಾಡುವ ಕತ್ತಿಯಲ್ಲ, ಮರ್ಯಾದೆಯ ಕತ್ತಿ. ದಂತದ ಹಿಡಿ, ಹಿಡಿಯ ತುದಿಗೆ ಗಿಲೀಟು ಮಾಡಿದ ಸಿಂಹದ ತಲೆ. ಹಿಡಿಯ ಬುಡದಲ್ಲಿ ಅಲಗನ್ನು ಎರಡೂ ಬದಿಯಿಂದ ಅಪ್ಪಿದ ಹಿತ್ತಾಳೆಯ ನಾಲಿಗೆ, ಅದರ ಮೇಲೆ ಹಡಗಿನ ಲಂಗರಿನ ಚಿತ್ರ. ಅಲಗು ಅರ್ಧದವರೆಗೆ ನವಿಲಿನ ಕೊರಳಿನಂಥ ನೀಲಿ. ನೀಲಿಯ ಮೇಲೆ ಬಂಗಾರದ ಬಳ್ಳಿ, ಬಳ್ಳಿಯ ನಡುವೆ ಬಳ್ಳಿಯಂತೆಯೇ ಸುರುಳಿ ಸುತ್ತಿದ ಇಂಗ್ಲಿಷ್ ಅಕ್ಷರಗಳು.

ಸಮುದ್ರವನ್ನು ಆ ಮನೆಯಲ್ಲಿ ಯಾರೂ ನೋಡಿರಲಿಲ್ಲ. ಲಂಗರನ್ನು ಅವರು ತಲೆಕೆಳಗಾದ ತ್ರಿಶೂಲವೆಂದುಕೊಂಡರು. ಜಂಗಮರ ಮನೆ, ಕತ್ತಿ ಇರುವುದಾದರೆ ಅದು ವೀರಭದ್ರನದೇ ಆಗಬೇಕು. ಹೀಗಾಗಿ ಹಡಗಿನವನ ಕತ್ತಿ ಜಗುಲಿಯ ಮೇಲೆ ವೀರಭದ್ರನ ಮೂರ್ತಿಯ ಬಲಕ್ಕೆ ನಿಂತು, ಪ್ರತಿ ಮಹಾನವಮಿಗೆ ವಿಭೂತಿ ಧರಿಸಿ, ತೆಂಗಿನಕಾಯಿ ಒಡೆಸಿಕೊಳ್ಳುತ್ತ ಬಂತು.

ಕೊಡುವಾಗ ಸಾಹೇಬ ಹೇಳಿದ್ದು ಒಂದೇ ಮಾತು: ನೀರು ಮುಟ್ಟಿಸಬೇಡಿ, ಎಣ್ಣೆಬಟ್ಟೆಯಲ್ಲಿ ಒರೆಸಿ. ಮುತ್ತಜ್ಜ ಅದನ್ನು ಅಜ್ಜನಿಗೆ ಹೇಳಿದ. ಅಜ್ಜ ಅಪ್ಪನಿಗೆ ಹೇಳುವಷ್ಟರಲ್ಲಿ, ತೊಳೆಯುವ ಬೆಳಗುವ ಕೆಲಸ ಹೆಂಗಸರದಾದ್ದರಿಂದ, ಆ ಮಾತು ಹೆಂಗಸರು ಇದನ್ನು ಮುಟ್ಟಬಾರದು ಎಂದಾಗಿತ್ತು. ಅಪ್ಪ ಕಾರಣ ಹೇಳುವ ಮನುಷ್ಯನಲ್ಲ. ನವಮಿಯ ದಿನ ಬಾಗಿಲು ಮುಂದೆ ಮಾಡಿಕೊಂಡು ತಾನೇ ಒರೆಸುತ್ತಿದ್ದ. ನೀರಿನ ಮಾತು ಶರಣಯ್ಯನಿಗೆ ಗೊತ್ತಾದದ್ದು ಆಕಸ್ಮಿಕವಾಗಿ. ನಾರಾಯಣಪೇಟೆಯಲ್ಲಿ ಇಂಗ್ಲಿಷ್ ಕಲಿಯುತ್ತಿದ್ದಾಗ ರಜೆಗೆ ಬಂದವನು ಅಲಗಿನ ಮೇಲಿನ ಬರಹವನ್ನು ಓದಿ ಹೇಳಿದ್ದ: ಥೆಸಲಿ ಹಡಗನ್ನು ಕಾಪಾಡಿದ ಲೆಫ್ಟಿನೆಂಟ್ ಎಡ್ಮಂಡ್ ಕ್ರೇಲ್‌ಗೆ, ಬಂದರಿನ ವರ್ತಕರಿಂದ. ಅಪ್ಪ ಅವತ್ತು ಖುಷಿಯಲ್ಲಿ ಹಳೆಯದೆಲ್ಲ ಹೇಳಿದ್ದ. ಅವ್ವ ಅಡುಗೆಮನೆಯಲ್ಲಿದ್ದಳು. ಅವಳಿಗೂ ಹೇಳಬೇಕೆಂದು ಅಲ್ಲಿದ್ದ ಮೂವರಲ್ಲಿ ಯಾರಿಗೂ ಅನ್ನಿಸಲಿಲ್ಲ.

ಅಣ್ಣನಿಗೆ ಮಾತ್ರ ಅವತ್ತು ಖುಷಿಯಾಗಿರಲಿಲ್ಲ. ದಿನಾ ಕೈಮುಗಿಯುವ ಕತ್ತಿಯ ಮೇಲೆ ಸತ್ತ ಇಂಗ್ಲಿಷರವನ ಹೆಸರು ಇದೆಯೆಂದು ತಮ್ಮ ಓದಿ ತೋರಿಸಿದ್ದು ಅವನಿಗೆ ಅವಮಾನದಂತೆ ಕಂಡಿತ್ತು. ಈ ವರ್ಷದ ಬೇಸಗೆಯಲ್ಲಿ ಅಪ್ಪ ಲಿಂಗೈಕ್ಯನಾದ ಮೇಲೆ ಅದು ಮತ್ತೊಮ್ಮೆ ಎದ್ದಿತ್ತು. ಬಂಧುಗಳೆದುರು ಶರಣಯ್ಯ, ಇದು ವೀರಭದ್ರನದಲ್ಲ, ಹಡಗಿನವನದು, ಹೈದರಾಬಾದಿನಲ್ಲಿ ಯಾರಾದರೂ ತಿಳಿದವರಿಗೆ ಕೊಟ್ಟರೆ ಜೋಪಾನ ಮಾಡಿಯಾರು ಎಂದಿದ್ದ. ಕರಿಬಸಯ್ಯ ದನಿಯೇರಿಸದೆ, "ನಾ ಇರೋತನಕ ಇದರ ಮ್ಯಾಲ ಕೈ ಇಡಬ್ಯಾಡ ತಮ್ಮಾ. ನಿಂಗ ಅದು ಕಬ್ಬಿಣ. ನಂಗ ದೇವರು" ಎಂದಿದ್ದ. ಶರಣಯ್ಯ ಮರುದಿನವೇ ನಾರಾಯಣಪೇಟೆಗೆ, ತಾನು ಕಾರಕೂನನಾಗಿದ್ದ ಸೀರೆ ಅಂಗಡಿಗೆ ಮರಳಿದ್ದ.

ಈಗ ಆ ಸತ್ತವನ ಹೆಸರೊಂದೇ ಅಣ್ಣನನ್ನು ಬಿಡಿಸಬೇಕಾಗಿತ್ತು.

ಆದದ್ದು ಇಷ್ಟು. ಕತ್ತಿಯ ಚರ್ಮದ ಒರೆ ಹರಿದಿತ್ತು. ನವಮಿಗೆ ಮೊದಲು ಸರಿಮಾಡಿಸಬೇಕೆಂದು ಕರಿಬಸಯ್ಯ ಕತ್ತಿಯನ್ನು ಮನೆಯಲ್ಲಿಟ್ಟು ಬರೀ ಒರೆಯನ್ನು ಗದ್ವಾಲಕ್ಕೆ ಒಯ್ದ. ಗದ್ವಾಲದ ಹತ್ತಿರದ ಹಳ್ಳಿಯ ಒಬ್ಬ ದೇಸಾಯಿಯ ಮನೆಯಲ್ಲಿ ಹಿಂದಿನ ತಿಂಗಳು ಒಂದು ಇಂಗ್ಲಿಷ್ ಕತ್ತಿ ಕಳುವಾಗಿತ್ತು. ದೇಸಾಯಿಯ ಕಾರಭಾರಿ ಹಂಪಣ್ಣ ಪೇಟೆಯಲ್ಲಿ ಆ ಒರೆಯನ್ನು ಕಂಡು, ಇದು ನಮ್ಮದು ಎಂದು ಕರಿಬಸಯ್ಯನನ್ನು ಹಿಡಿದು ಚೌಕಿಗೆ ಒಪ್ಪಿಸಿದ. ಫಿರ್ಯಾದಿಯಲ್ಲಿ ಬರೆಸಿದ್ದೂ ಹಾಗೆಯೇ ಇತ್ತು: ಸಿಂಹದ ತಲೆ, ದಂತದ ಹಿಡಿ, ಗಿಲೀಟು ಮಾಡಿದ ಪಟ್ಟಿಗಳಿರುವ ಚರ್ಮದ ಒರೆ. ಆದರೆ ಅಲಗು ಮಾತ್ರ ಬರೀ ಬಿಳಿ, ಬರಹವಿಲ್ಲ. ಕರಿಬಸಯ್ಯ ಚೌಕಿಯ ಅಧಿಕಾರಿ ಅಮೀನ ಸಾಹೇಬರಿಗೆ, ನಮ್ಮ ಕತ್ತಿಯ ಅಲಗು ನೀಲಿ, ಅದರ ಮೇಲೆ ಬಂಗಾರದಲ್ಲಿ ಹೆಸರಿದೆ, ನನ್ನ ತಮ್ಮನಿಗೆ ಓದಲು ಬರುತ್ತದೆ, ತರಿಸಿ ನೋಡಿ ಎಂದ. ಹಾಗಿದ್ದರೆ ತರಿಸು, ಹೆಸರಿದ್ದರೆ ಆ ಕ್ಷಣವೇ ಬಿಡುತ್ತೇನೆ ಎಂದು ಅಮೀನರು ಶರಣಯ್ಯನಿಗೆ ಹೇಳಿಕಳಿಸಿದರು. ಅವ್ವನಿಗೆ ತಿಳಿದದ್ದು ಮಗ ಚೌಕಿಯಲ್ಲಿದ್ದಾನೆ ಎಂಬುದಷ್ಟೇ.

ಸುದ್ದಿ ನಾರಾಯಣಪೇಟೆ ಮುಟ್ಟಿ, ಶರಣಯ್ಯ ಮಕ್ತಲದ ಮನೆಯ ಹೊಸ್ತಿಲು ತುಳಿಯುವ ಹೊತ್ತಿಗೆ ನವಮಿ ಮುಗಿದಿತ್ತು.

ಅವ್ವ ಜಗುಲಿಯಿಂದ ಕತ್ತಿಯನ್ನು ತಾನೇ ಎತ್ತಿಕೊಂಡು ಬಂದಿದ್ದಳು. ಅದು ಬೆಳಗಿದ ತಂಬಿಗೆಯಂತೆ ಹೊಳೆಯುತ್ತಿತ್ತು, ಹಿಡಿಯ ಬುಡದಿಂದ ತುದಿಯವರೆಗೆ ಒಂದೇ ಬಿಳಿ.

"ಹೆಂಗ ಬೆಳಗೀನಿ ನೋಡು," ಎಂದಿದ್ದಳು. "ಕರ್ರಗ ಕಿಲುಬು ಹಿಡಿದಿತ್ತಪಾ, ನಡನಡುವ ಹಳದಿ ಕಲಿ ಬ್ಯಾರೆ. ನಿಮ್ಮಪ್ಪ ಬರೇ ಎಣ್ಣಿ ಒರಸ್ತಿದ್ದ. ಹುಣಸಿಹಣ್ಣು ಬೂದಿ ಹಚ್ಚಿ ಮುಂಜಾನಿಂದ ತಿಕ್ಕೀನಿ. ಎಲ್ಲಾರ ಮನೀ ವೀರಭದ್ರನ ಕತ್ತಿ ಹೊಳೀತಾವ, ನಮ್ದೊಂದ ಮುಸುಡಿ ಕಪ್ಪು ಮಾಡ್ಕೊಂಡು ಕುಂತಿದ್ರ ಅವ ಕಣ್ಣು ಹೆಂಗ ತೆರೀತಾನ? ಈಗ ನೋಡು, ನಿಮ್ಮಣ್ಣನ್ನ ಬಿಡಿಸ್ತಾನ."

ಶರಣಯ್ಯ ಕತ್ತಿಯನ್ನು ಕೈಗೆ ತೆಗೆದುಕೊಂಡ. ಅವನು ಅಲಗನ್ನು ಬಾಗಿಲ ಬೆಳಕಿಗೆ ತಿರುಗಿಸಿದ. ಏನೂ ಇರಲಿಲ್ಲ. ಎಡ್ಮಂಡ್ ಕ್ರೇಲ್ ಇರಲಿಲ್ಲ, ಥೆಸಲಿ ಇರಲಿಲ್ಲ, ಬಂದರು ಇರಲಿಲ್ಲ.

ಅವ್ವ ದನಿ ತಗ್ಗಿಸಿದ್ದಳು. "ನಾ ಮುಟ್ಟೀನಿ ಅಂತ ನಿಮ್ಮಣ್ಣನ ಮುಂದ ಅನಬ್ಯಾಡ. ಹೆಣಮಗಳು ಮುಟ್ಟಿದ್ದಕ್ಕ ಕೇಡಾತು ಅಂದ್ರ ನಾ ಎಲ್ಲಿ ಮುಖ ಇಟಗೊಳ್ಳಲಿ? ಅನ್ನಂಗಿಲ್ಲ ಅಂತ ಕೈಮ್ಯಾಲ ಕೈ ಹಾಕು."

ಅವನು ಕೈಯ ಮೇಲೆ ಕೈ ಹಾಕಿದ್ದ. ಆಮೇಲೆ ಏನೋ ಹೇಳಬೇಕಲ್ಲ ಎಂದು, "ಚಲೋ ಬೆಳಗೀದಿ ಯವ್ವ" ಎಂದಿದ್ದ.

ಜೂರಾಲದ ಹತ್ತಿರದ ಕಡವಿನಲ್ಲಿ ಬಂಡಿ ಬಿಟ್ಟು ಹರಿಗೋಲು ಹತ್ತಬೇಕಾಗಿತ್ತು. ಮಳೆಗಾಲದ ಕೆಂಪು ನೀರು ಇನ್ನೂ ಇಳಿದಿರಲಿಲ್ಲ. ಅಂಬಿಗ ಮಾರೆಪ್ಪ ಅವರನ್ನು ನಡುವೆ ಕೂರಿಸಿ, ಅಲ್ಲಾಡಬಾರದೆಂದು ಹೇಳಿ ಹುಟ್ಟು ಹಾಕಿದ. ಹರಿಗೋಲು ತನ್ನಷ್ಟಕ್ಕೆ ತಾನು ತಿರುಗುತ್ತ ಹೋಯಿತು. ಒಮ್ಮೆ ಮಕ್ತಲದ ದಂಡೆ ಕಾಣುತ್ತಿತ್ತು, ಒಮ್ಮೆ ಗದ್ವಾಲದ ದಂಡೆ.

ಇಲ್ಲಿ ಕೈ ಸಡಿಲ ಬಿಟ್ಟರೆ? ಶರಣಯ್ಯ ನೀರನ್ನೇ ನೋಡುತ್ತಿದ್ದ. ಹರಿಗೋಲು ವಾಲಿತು, ಕತ್ತಿ ಜಾರಿತು ಎನ್ನಬಹುದು. ಮಾರೆಪ್ಪನೇ ಸಾಕ್ಷಿ. ನದಿಯ ತಳದಲ್ಲಿರುವ ಕತ್ತಿಯ ಮೇಲೆ ಯಾವ ಹೆಸರಾದರೂ ಇರಬಹುದು. ಆದರೆ ಅಮೀನ ಏನೆಂದಾನು? ಹೆಸರಿರುವ ಕತ್ತಿ ಹೆಸರು ತೋರಿಸಬೇಕಾದ ದಿನವೇ ನದಿಗೆ ಬಿದ್ದಿತೆಂದು ಯಾವ ಅಮೀನ ನಂಬುತ್ತಾನೆ? ಅವನು ಬೆರಳು ಸಡಿಲಿಸಿ, ಮತ್ತೆ ಬಿಗಿದು, ಮತ್ತೆ ಸಡಿಲಿಸಿದ.

"ಅಯ್ಯನೋರ, ಗಂಟಿನ್ಯಾಗ ಏನೈತ್ರಿ?" ಮಾರೆಪ್ಪ ಕೇಳಿದ. "ಕೂಸು ಹಿಡಿದಂಗ ಹಿಡಿದೀರಲ್ಲ."

"ದೇವರು ಅದಾನ," ಎಂದಳು ಅಮರಮ್ಮ.

"ದೇವರನ್ನೂ ದಾಟಸೋನು ನಾನಾ ಆದೆ ನೋಡ್ರಿ ಹಂಗಾರ," ಎಂದು ಮಾರೆಪ್ಪ ನಕ್ಕು, ಸುಳಿ ತಪ್ಪಿಸಲು ಹುಟ್ಟನ್ನು ಅಡ್ಡ ಹಾಕಿದ. ಅಮರಮ್ಮನೂ ನಕ್ಕಳು. ವಾರದಿಂದ ಅವಳು ನಕ್ಕಿರಲಿಲ್ಲ. ಆ ನಗೆ ನಿಲ್ಲುವ ಮೊದಲೇ ಹರಿಗೋಲು ದಂಡೆಗೆ ತಾಗಿತು. ಶರಣಯ್ಯ ಗಂಟನ್ನು ಎದೆಗವಚಿಕೊಂಡು ಇಳಿದ.

ಗದ್ವಾಲದಲ್ಲಿ ಪರಿಚಯದವರ ಮನೆಯಲ್ಲಿ ತಂಗಿ, ಮರುದಿನ ಬೆಳಿಗ್ಗೆ ಚೌಕಿಗೆ ಹೋದರು. ಚೌಕಿಯೆಂದರೆ ಒಂದು ಉದ್ದನೆಯ ಪಡಸಾಲೆ, ಅದರ ಹಿಂದೆ ಕೋಣೆ. ಹೆಂಗಸರು ಒಳಗೆ ಬರುವಂತಿಲ್ಲವೆಂದು ಜವಾನ ಅಮರಮ್ಮನನ್ನು ಪಡಸಾಲೆಯಲ್ಲೇ ಕೂರಿಸಿದ. ಕೋಣೆಯ ಕಿಟಕಿ ಅವಳ ತಲೆಯ ಮೇಲೆಯೇ ಇತ್ತು. ಒಳಗೆ ಆಡಿದ್ದೆಲ್ಲ ಅವಳಿಗೆ ಕೇಳುತ್ತದೆ. ಚೌಕಿಯ ವ್ಯವಹಾರವೆಲ್ಲ ಉರ್ದುವಿನಲ್ಲಿ, ಉರ್ದು ಅವಳಿಗೆ ಬಾರದು ಎಂಬುದೊಂದೇ ಶರಣಯ್ಯನಿಗೆ ಇದ್ದ ಆಸರೆ.

ಅಮೀನ ಸಾಹೇಬರು ನಡುವಯಸ್ಸು ದಾಟಿದವರು, ಕನ್ನಡಕ ಹಾಕಿಕೊಂಡು ನಿಧಾನವಾಗಿ ಮಾತಾಡುವವರು. ಮೂಲೆಯಲ್ಲಿ ಹಂಪಣ್ಣ ನಿಂತಿದ್ದ. ಅವನ ರುಮಾಲು ಬೆವರಿನಿಂದ ಒದ್ದೆಯಾಗಿತ್ತು. ಕತ್ತಿ ಸಿಗದಿದ್ದರೆ ಕಳುವು ತನ್ನ ತಲೆಗೇ ಬರುತ್ತದೆಂದು ಅವನು ಗದ್ವಾಲದವರಿಗೆಲ್ಲ ಹೇಳಿಕೊಂಡಿದ್ದನಂತೆ.

ಕರಿಬಸಯ್ಯನನ್ನು ಕರೆತಂದರು. ಗಡ್ಡ ಬೆಳೆದಿತ್ತು, ಕೆನ್ನೆ ಒಳಸೇರಿತ್ತು, ಹಣೆಯ ಮೇಲೆ ವಿಭೂತಿ ಇರಲಿಲ್ಲ. ಹುಟ್ಟಿದಂದಿನಿಂದ ಬರೀ ಹಣೆಯ ಅಣ್ಣನನ್ನು ಶರಣಯ್ಯ ನೋಡಿರಲಿಲ್ಲ. ಗಂಟನ್ನು ಕಂಡದ್ದೇ ಆ ಮುಖಕ್ಕೆ ಜೀವ ಬಂತು. ಅವನು ತಮ್ಮನನ್ನು ನೋಡಿ ನಕ್ಕ. ಅಪ್ಪ ಸತ್ತ ಮೇಲೆ ಮೊದಲ ಸಲ.

"ಬಿಚ್ಚೋ ಶರಣಾ. ಅವನ ಹೆಸರು ಓದಿ ಹೇಳು ಸಾಹೇಬರಿಗೆ. ನೀ ಅವತ್ತು ಓದಿದಂಗ ಓದು."

ಶರಣಯ್ಯ ಬಿಚ್ಚಲಾರದೆ ಗಂಟನ್ನು ಮೇಜಿನ ಮೇಲಿಟ್ಟ. ಅಮೀನರೇ ಬಿಚ್ಚಿದರು. ಕತ್ತಿಯನ್ನು ಎರಡೂ ಕೈಯಲ್ಲಿ ಎತ್ತಿ, ಈ ಬದಿ ನೋಡಿದರು, ಆ ಬದಿ ನೋಡಿದರು. ಕಿಟಕಿಯ ಬಿಸಿಲು ಅಲಗಿನ ಮೇಲೆ ಬಿದ್ದು ಗೋಡೆಯ ಮೇಲೆ ಒಂದು ಬಿಳಿ ಗೆರೆ ಓಡಾಡಿತು.

ಕರಿಬಸಯ್ಯ ಆ ಗೆರೆಯನ್ನು ನೋಡಿದ. ಆಮೇಲೆ ಅಲಗನ್ನು ನೋಡಿದ. ಅವನ ಮುಖದ ನಗೆ ತಕ್ಷಣ ಹೋಗಲಿಲ್ಲ. ಹೋಗಬೇಕೆಂದು ಗೊತ್ತಾಗದೆ ಅಲ್ಲೇ ನಿಂತಿತ್ತು.

ಹಂಪಣ್ಣ ಮುಂದೆ ಬಂದ. ಬಿಳಿ ಅಲಗು, ಬರಹವಿಲ್ಲ, ಬರೆಸಿದಂತೆಯೇ ಇದೆ ಎಂದು ಉರ್ದುವಿನಲ್ಲಿ ಅವಸರವಸರವಾಗಿ ಹೇಳಿದ. ಲಂಗರಿನ ಚಿತ್ರ ಫಿರ್ಯಾದಿಯಲ್ಲಿ ಇಲ್ಲವಲ್ಲ ಎಂದು ಅಮೀನರು ಕೇಳಿದ್ದಕ್ಕೆ, ಅದೂ ಇತ್ತು, ಬರೆಸಲು ಮರೆತೆವು ಎಂದ. ಅಮೀನರು ಶರಣಯ್ಯನ ಕಡೆ ತಿರುಗಿದರು. ಹೆಸರು ಎಲ್ಲಿದೆ?

ಮಾತು ಅವನ ಗಂಟಲಲ್ಲಿ ಸಿದ್ಧವಾಗಿಯೇ ಇತ್ತು. ನಮ್ಮ ತಾಯಿ ತೊಳೆದಳು, ತಿಳಿಯದೆ ತೊಳೆದಳು. ಇಷ್ಟೇ. ಇದನ್ನು ಉರ್ದುವಿನಲ್ಲಿ ಹೇಳಿದರೆ ಹೊರಗಿರುವವಳಿಗೆ ತಿಳಿಯುವುದೂ ಇಲ್ಲ. ಆದರೆ ಅಮೀನರು ಎದ್ದು ಕಿಟಕಿಯಲ್ಲಿ ಬಗ್ಗಿ ಅವಳನ್ನು ಕೇಳುತ್ತಾರೆ. ಕೇಳಲೇಬೇಕು, ಸರಿಯಾದ ಮನುಷ್ಯ ಕೇಳುತ್ತಾನೆ. ಈ ಕತ್ತಿ ತೊಳೆದೆಯೇನಮ್ಮ, ತೊಳೆದಾಗ ಇದರ ಮೇಲೆ ಏನಿತ್ತು, ಏನು ಹೋಯಿತು? ಆಗ ಅವಳು ತನ್ನ ಸುಲಿದ ಬೆರಳುಗಳನ್ನು ನೋಡಿಕೊಳ್ಳುತ್ತಾಳೆ. ಮಗನನ್ನು ಬಿಡಿಸಲೆಂದು ಮುಂಜಾನೆಯಿಂದ ತಿಕ್ಕಿ ಅಳಿಸಿದ್ದು ಏನನ್ನು ಎಂದು ಅವಳಿಗೆ ಆ ಕಿಟಕಿಯ ಕೆಳಗೆ, ಜವಾನನ ಎದುರಿಗೆ, ತಿಳಿಯುತ್ತದೆ.

"ನಾನು ತೊಳೆದೆ," ಎಂದು ಅವನು ಉರ್ದುವಿನಲ್ಲಿ ಹೇಳಿದ. ಪೂಜೆಗೆಂದು, ಹುಣಸೆಹಣ್ಣು ಮತ್ತು ಬೂದಿಯಿಂದ. ಬಣ್ಣ ಹೋಗುತ್ತದೆಂದು ತಿಳಿಯಲಿಲ್ಲ.

ಅಮೀನರು ಕನ್ನಡಕದ ಮೇಲಿನಿಂದ ನೋಡಿದರು. ಹೆಸರು ಓದಲು ಬರುವವನು ನೀನು. ಆ ಹೆಸರೇ ನಿನ್ನ ಅಣ್ಣನ ಪಾಲಿನ ಸಾಕ್ಷಿ ಎಂದು ಗೊತ್ತಿದ್ದವನು. ಅದನ್ನು ನಿನ್ನ ಕೈಯಾರೆ ತಿಕ್ಕಿದೆಯಾ? ನಾನು ಹೇಳಿಕಳಿಸುವ ಮೊದಲೋ ಆಮೇಲೋ?

ಮೊದಲು ಎಂದರೆ, ಆಗ ನೀನು ನಾರಾಯಣಪೇಟೆಯಲ್ಲಿದ್ದೆಯಲ್ಲ ಎಂದು ಸಿಕ್ಕಿಬೀಳುತ್ತಾನೆ. "ಆಮೇಲೆ," ಎಂದ ಶರಣಯ್ಯ.

ಅಣ್ಣ ತನ್ನತ್ತ ತಿರುಗಿದ್ದು ಅವನಿಗೆ ಗೊತ್ತಾಯಿತು. ಅವನು ಆ ಕಡೆ ನೋಡಲಿಲ್ಲ.

ಹಂಪಣ್ಣ ನಕ್ಕ. ಅವನಿಗೆ ಸಿಟ್ಟಿನಲ್ಲಿ ಉರ್ದು ತಪ್ಪಿಹೋಗಿ ಕನ್ನಡವೇ ಬಂತು. "ಏನ್ರೀ ಅಯ್ಯನೋರ, ನಿಮ್ಮ ಮನ್ಯಾಗ ಗಂಡಸರು ಹುಣಸಿಹಣ್ಣು ಹಿಂಡ್ತಾರೇನ್ರಿ? ಎಲ್ಲಿ, ನಿಮ್ಮ ಕೈ ತೋರಸ್ರಿ ನೋಡೂನು."

ಹೊರಗೆ ಪಡಸಾಲೆಯಲ್ಲಿ ಬಳೆಯಿಲ್ಲದ ಕೈಯೊಂದು ನೆಲಕ್ಕೆ ಊರಿದ ಸಣ್ಣ ಸದ್ದಾಯಿತು. ಅವ್ವ ಏಳುತ್ತಿದ್ದಾಳೋ, ಕುಳಿತಲ್ಲೇ ಸರಿದಳೋ. ಶರಣಯ್ಯನ ಕೈ ಮೇಜಿನ ಅಂಚನ್ನು ಹಿಡಿದಿತ್ತು: ಕಾರಕೂನನ ಕೈ, ಬೆರಳಿಗೆ ಶಾಯಿಯ ಕಲೆ, ಎಲ್ಲೂ ತರಚಿರಲಿಲ್ಲ. ಅವನು ಅದನ್ನು ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ಎಳೆದುಕೊಂಡರೆ ಎಲ್ಲರೂ ನೋಡುತ್ತಾರೆ.

ಅಮೀನರು ಯಾರ ಕೈಯನ್ನೂ ನೋಡುತ್ತಿರಲಿಲ್ಲ. ಅವರು ಕತ್ತಿಯನ್ನು ಕಿಟಕಿಯ ಬಳಿಗೊಯ್ದು, ಹಿಡಿಯ ಬುಡವನ್ನು ಕಣ್ಣಿಗೆ ಹತ್ತಿರ ತಂದಿದ್ದರು. ಅಲ್ಲಿ ಲಂಗರಿನ ಚಿತ್ರವಿದ್ದ ಹಿತ್ತಾಳೆಯ ನಾಲಿಗೆ ಅಲಗಿಗೆ ಅಂಟಿಕೊಂಡಂತೆ ಕುಳಿತಿತ್ತು. ಅವರು ಚಾಕುವಿನ ತುದಿಯನ್ನು ಅದರ ಕೆಳಗೆ ತೂರಿಸಿ ಮೆಲ್ಲಗೆ ಎತ್ತಿದರು. ಹಳೆಯ ಹಿತ್ತಾಳೆ ಕಿರ್ರೆಂದು ಕೂದಲೆಳೆಯಷ್ಟು ಬಿಟ್ಟುಕೊಟ್ಟಿತು. ಬಹಳ ಹೊತ್ತು ನೋಡಿ ಅವರು ಹಂಪಣ್ಣನನ್ನು ಕರೆದರು.

ನಾಲಿಗೆಯ ಅಡಿಯಲ್ಲಿ, ಬೆರಳು ಹೋಗದ ಜಾಗದಲ್ಲಿ, ಉಗುರಗಲದ ನೀಲಿ ಇತ್ತು. ಅದರ ಮೇಲೆ ಬಂಗಾರದ ಬಳ್ಳಿಯ ಒಂದು ಕುಡಿ. ಅಕ್ಷರವಲ್ಲ, ಹೆಸರಲ್ಲ, ಬರೀ ಕುಡಿ.

ನಿಮ್ಮ ದೇಸಾಯಿಯವರ ಕತ್ತಿಗೆ ಎಂದಾದರೂ ನೀಲಿ ಬಣ್ಣ ಇತ್ತೇ ಎಂದು ಅಮೀನರು ಕೇಳಿದರು. ಯೋಚಿಸಿ ಹೇಳು, ನಾಳೆ ದೇಸಾಯಿಯವರನ್ನೂ ಇದನ್ನೇ ಕೇಳುತ್ತೇನೆ.

ಹಂಪಣ್ಣ ಆ ನೀಲಿಯನ್ನೇ ನೋಡುತ್ತ ನಿಂತ. ರುಮಾಲು ತೆಗೆದು ಮುಖ ಒರೆಸಿಕೊಂಡ. ಹೂಂ ಎಂದರೆ ಅವನು ಬದುಕಿಕೊಳ್ಳುತ್ತಿದ್ದ, ಒಂದು ದಿನದ ಮಟ್ಟಿಗಾದರೂ.

"ಇಲ್ರಿ," ಎಂದ ಕೊನೆಗೆ, ಕನ್ನಡದಲ್ಲೇ. "ವರ್ಷಾ ನಾನಾ ಒರಸ್ತಿದ್ದೆ. ನಮ್ದು ಮೊದಲಿಂದ ಬಿಳೀದು." ಆಮೇಲೆ ಕರಿಬಸಯ್ಯನ ಕಡೆ ನೋಡದೆ, "ಒರಿ ನೋಡಿ ಮೋಸ ಹೋದೆ" ಎಂದ.

ಅಮೀನರು ಕತ್ತಿಯನ್ನು ಮೇಜಿನ ಮೇಲಿಟ್ಟರು. ಒರೆಯನ್ನು ತರಿಸಿ ಅದರ ಪಕ್ಕಕ್ಕಿಟ್ಟರು. ಕರಿಬಸಯ್ಯ ಹೋಗಬಹುದು ಎಂದರು. ಶರಣಯ್ಯನಿಗೆ ಮಾತ್ರ ಇನ್ನೊಂದು ಮಾತು ಹೇಳಿದರು: ನೀನು ನಿಜ ಹೇಳುತ್ತಿಲ್ಲ ಎಂದು ನನಗೆ ಅನ್ನಿಸುತ್ತದೆ, ಆದರೆ ನನ್ನ ಕೆಲಸ ಕಳುವಿನದು, ಕಳುವು ಇಲ್ಲಿಲ್ಲ. ಇದನ್ನು ಅವರು ಅಣ್ಣನ ಎದುರಿಗೇ ಹೇಳಿದರು. ಕರಿಬಸಯ್ಯ ಅದನ್ನು ಯಾವ ಅರ್ಥದಲ್ಲಿ ತೆಗೆದುಕೊಂಡನೆಂಬುದು ಅವನ ಮುಖದಲ್ಲೇ ಇತ್ತು.

ಪಡಸಾಲೆಯಲ್ಲಿ ಅಮರಮ್ಮ ಮಗನ ಗಲ್ಲ ಹಿಡಿದು ಅತ್ತಳು. ಬಾವಿಯಲ್ಲಿ ನೀರು ಸೇದಿಸಿ ಸ್ನಾನ ಮಾಡಿಸಿ, ಲಿಂಗಪೂಜೆ ಮುಗಿಯುವವರೆಗೆ ಕಾದು, ಬುತ್ತಿ ಬಿಚ್ಚಿ ಬಡಿಸಿದಳು. ಕರಿಬಸಯ್ಯ ಬೇವಿನ ಮರದ ನೆರಳಿನಲ್ಲಿ ಕುಳಿತು ಉಂಡ. ಹಣೆಯ ಮೇಲೆ ವಿಭೂತಿ ಮರಳಿ ಬಂದಿತ್ತು. ಶರಣಯ್ಯ ಒರೆಗೆ ಸೇರಿದ ಕತ್ತಿಯನ್ನು ಪಕ್ಕದಲ್ಲಿಟ್ಟುಕೊಂಡು ಸ್ವಲ್ಪ ದೂರ ಕುಳಿತಿದ್ದ.

"ಒಳಗ ಏನಂದ್ರೋ ತಮ್ಮಾ?" ಅವ್ವ ಕೇಳಿದಳು. ಅವಳ ಕಣ್ಣು ಅವನ ಮುಖದ ಮೇಲೆ ಒಂದು ಕ್ಷಣ ಹೆಚ್ಚಿಗೇ ನಿಂತಿತು. "ಆ ಮನಷಾ ಹುಣಸಿಹಣ್ಣು ಅಂದಂಗಾತು."

"ಚಂದ ಬೆಳಗೀರಿ ಅಂದ ಯವ್ವ. ಅಮೀನರು ಕತ್ತಿ ನೋಡಿ ಗುರ್ತ ಹಿಡದ್ರು, ನಿಮ್ದಾ ಅಂದ್ರು. ಬಿಟ್ರು."

ಅವಳು ತಲೆಯಾಡಿಸಿ ಮತ್ತೊಂದು ರೊಟ್ಟಿ ಹಾಕಿದಳು. ನಂಬಿದಳೋ, ನಂಬಿದಂತೆ ಇದ್ದಳೋ, ಅವನಿಗೆ ಯಾವತ್ತೂ ಗೊತ್ತಾಗಲಿಲ್ಲ.

ಕರಿಬಸಯ್ಯ ಕೈತೊಳೆದು ಬಂದು ತಮ್ಮನ ಎದುರಿಗೆ ನಿಂತ. ಅವ್ವ ಅಲ್ಲೇ ಬುತ್ತಿ ಕಟ್ಟುತ್ತಿದ್ದಳು. ಅವನು ಮಾತಾಡಿದ್ದು ಉರ್ದುವಿನಲ್ಲಿ. ಅಣ್ಣತಮ್ಮಂದಿರು ಅಲ್ಲಿಯವರೆಗೆ ತಮ್ಮೊಳಗೆ ಆ ಭಾಷೆಯಲ್ಲಿ ಒಂದು ಮಾತೂ ಆಡಿರಲಿಲ್ಲ. ದನಿ ಮಾತ್ರ ಊಟ ಆಯಿತೇ ಎಂದು ಕೇಳುವವನ ದನಿ, ಅವ್ವ ತಲೆಯೆತ್ತದಿರಲೆಂದು.

ಬಣ್ಣ ಹೋಗುತ್ತದೆಂದು ನಿನಗೆ ಗೊತ್ತಿತ್ತು ಎಂದ. ನೀರಿನ ಮಾತು ಅಪ್ಪ ಹೇಳಿದಾಗ ನಾವಿಬ್ಬರೂ ಅಲ್ಲೇ ಇದ್ದೆವು. ಅವನ ಹೆಸರಿಲ್ಲದೆ ನಾನು ಹೊರಗೆ ಬರುವುದಿಲ್ಲ ಎಂದೂ ನಿನಗೆ ಗೊತ್ತಿತ್ತು. ಅಷ್ಟಾದರೂ ತಿಕ್ಕಿದೆ.

ಬೇವಿನ ಹಣ್ಣೆಲೆಯೊಂದು ಕತ್ತಿಯ ಮೇಲೆ ಬಿತ್ತು. ಶರಣಯ್ಯ ಅದನ್ನು ತೆಗೆದು ಹಾಕಿದ. ಒಂದು ಮಾತು ಸಾಕಾಗಿತ್ತು, ಅದೂ ಉರ್ದುವಿನಲ್ಲಿ, ಅವ್ವ ಪಕ್ಕದಲ್ಲಿದ್ದರೂ ತಿಳಿಯದಂತೆ. ಆದರೆ ಅಣ್ಣನನ್ನು ಅವನು ಬಲ್ಲ. ಒಳಗಿಟ್ಟುಕೊಳ್ಳಲು ಬಾರದ ಮನುಷ್ಯ. ಹರಿಗೋಲಿನಲ್ಲೋ, ಬಂಡಿಯಲ್ಲೋ, ಇನ್ಯಾವುದೋ ನವಮಿಯಲ್ಲೋ ಅವ್ವನ ಎದುರು ಬಾಯಿಂದ ಬಿದ್ದೇ ಬೀಳುತ್ತಿತ್ತು.

"ಗೊತ್ತಿತ್ತು," ಎಂದ ಶರಣಯ್ಯ.

ಕರಿಬಸಯ್ಯ ಬಗ್ಗಿ ಕತ್ತಿಯನ್ನು ಎತ್ತಿಕೊಂಡ. ತಿರುಗಿ ಹೋಗುವ ದಾರಿಯಲ್ಲಿ ಅವ್ವನ ಎಡಕ್ಕೆ ಅವನು, ಬಲಕ್ಕೆ ಇವನು. ಕಡವಿನಲ್ಲಿ ಮಾರೆಪ್ಪ ದೇವರ ದರ್ಶನ ಆಯಿತೇ ಎಂದು ಕೇಳಿದ. ಅಮರಮ್ಮ ಮಾತ್ರ ಉತ್ತರ ಕೊಟ್ಟಳು.

ಆಮೇಲೆ ಶರಣಯ್ಯ ಮಕ್ತಲಕ್ಕೆ ಬರುತ್ತಿದ್ದುದು ಅವ್ವನನ್ನು ನೋಡಲು. ಅಣ್ಣ ಆ ದಿನ ಊರಲ್ಲಿ ಇರದಂತೆ ನೋಡಿಕೊಳ್ಳುತ್ತಿದ್ದ. ಕರಿಬಸಯ್ಯನ ಮಗಳ ಮದುವೆಗೆ ಕರೆ ಬರಲಿಲ್ಲ. ಶರಣಯ್ಯನ ಮಗನಿ‌ಗೆ ಲಿಂಗಧಾರಣೆ ಮಾಡಲು ಬೇರೆ ಅಯ್ಯನವರನ್ನು ಕೋಸಗಿಯಿಂದ ಕರೆಸಬೇಕಾಯಿತು. ಅಣ್ಣತಮ್ಮಂದಿರು ಯಾಕೆ ಕೆಟ್ಟರೆಂದು ಅಮರಮ್ಮ ಇಬ್ಬರನ್ನೂ ಕೇಳಿದಳು. ಒಂದು ವರ್ಷ ಕೇಳಿದಳು. ಆಮೇಲೆ ಕೇಳುವುದನ್ನು ಬಿಟ್ಟಳು.

ಅವಳು ತೀರಿಕೊಂಡ ದಿನ ಶರಣಯ್ಯ ನಾರಾಯಣಪೇಟೆಯಿಂದ ಬರುವಾಗ ದಾರಿಯುದ್ದಕ್ಕೂ ಅಣ್ಣನಿಗೆ ಹೇಳಬೇಕಾದ ಆ ಮಾತನ್ನೇ ಜೋಡಿಸಿಕೊಂಡಿದ್ದ. ಇನ್ನು ಯಾರಿಗೂ ನೋವಾಗುವಂತಿರಲಿಲ್ಲ. ಒಳಗೆ ಅವಳನ್ನು ಗೋಡೆಗೆ ಒರಗಿಸಿ ಕೂರಿಸಿ, ಹಣೆಗೆ ವಿಭೂತಿ ಹಚ್ಚಿ, ಕೊರಳಿಗೆ ಹೂವು ಹಾಕಿದ್ದರು. ಅವನಿಂದ ಮಾತು ತೆಗೆದುಕೊಂಡಿದ್ದ ಕೈಗಳು ಮಡಿಲಲ್ಲಿದ್ದವು. ಕರಿಬಸಯ್ಯ ಒಂದು ಪಕ್ಕ ಕುಳಿತಿದ್ದ. ತಲೆಯೆಲ್ಲ ಬೆಳ್ಳಗಾಗಿತ್ತು. ತಮ್ಮನನ್ನು ಕಂಡು ಅವನು ಸ್ವಲ್ಪ ಸರಿದು, ಇನ್ನೊಂದು ಪಕ್ಕ ಕೂರೆಂಬಂತೆ ಚಾಪೆಯನ್ನು ಕೈಯಿಂದ ಸರಿಮಾಡಿದ. ಶರಣಯ್ಯ ಕುಳಿತ. ಸಂಜೆಯವರೆಗೆ ಇಬ್ಬರೂ ಹಾಗೆಯೇ, ಅವಳ ಎರಡು ಬದಿಗೆ ಕುಳಿತಿದ್ದರು.

ಕತ್ತಿ ತೊಳೆದದ್ದು ಅವ್ವ ಎಂದು ಶರಣಯ್ಯ ಅಣ್ಣನಿಗೆ ಅವತ್ತೂ ಹೇಳಲಿಲ್ಲ, ಆಮೇಲೂ ಹೇಳಲಿಲ್ಲ.